ಬಾಗಿ ದೊಡ್ಡಮ್ಮನ ಮೀನೂ ನನ್ನ ಮೂರು ಗೆರೆಯೂ

ಹಂಗಾರಕಟ್ಟೆಯಲ್ಲಿ ನನ್ನ ದೊಡ್ಡಮ್ಮ ಬಾಗಿಯನ್ನು ಏನು ಬೇಕಾದರೂ ಬೈಯಬಹುದು. ಜಗಳಗಂಟಿ ಎನ್ನಿ, ಬಾಯಿಬಡುಕಿ ಎನ್ನಿ, ನಕ್ಕು ಇನ್ನೆರಡು ಬಿರುದನ್ನು ಅವಳೇ ಸೇರಿಸಿ ಕೊಡುತ್ತಾಳೆ. ಆದರೆ ಅವಳ ಬುಟ್ಟಿಯ ಕಡೆ ಬೆರಳು ತೋರಿಸಿ ‘ಇದು ನಿನ್ನೆಯ ಮೀನು’ ಎಂದು ಮಾತ್ರ ಹೇಳಬಾರದು. ಅವಳು ಬುಟ್ಟಿ ಹೊತ್ತ ನಲವತ್ತು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. 2003ರ ಡಿಸೆಂಬರಿನಲ್ಲಿ ನಾನು ಹೇಳಿದೆ. ಅದೂ ದೋಣಿ ಬಂದು ನಿಲ್ಲುವ ಧಕ್ಕೆಯಲ್ಲಿ, ಹತ್ತು ಜನರ ಎದುರು, ಗಂಟಲು ಹರಿಯುವ ಹಾಗೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅವತ್ತಿನ ಸಿಟ್ಟಿಗೆ ಒಂದೂವರೆ ವರ್ಷದ ಕಾರಣವಿತ್ತು.

ನಾನು ಶ್ರೀಲತಾ. ಆಗ ಬ್ರಹ್ಮಾವರದ ಹತ್ತಿರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ನಮ್ಮ ಕುಟುಂಬದಲ್ಲಿ ಮೀನು ಹಿಡಿದವರಿದ್ದಾರೆ, ಮಾರಿದವರಿದ್ದಾರೆ, ಒಣಗಿಸಿದವರಿದ್ದಾರೆ. ಮೀನಿನ ಯಕೃತ್ತನ್ನು ಅರೆದು ಅದರಲ್ಲಿ ಪ್ರೋಟೀನು ಹುಡುಕಿದವಳು ನಾನೊಬ್ಬಳೇ. ಕಾಲೇಜಿನ ಪತ್ರಿಕೆಗೆ ನನ್ನ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆದು, ಬರೆದ ಸಂಭ್ರಮಕ್ಕೆ ಅದನ್ನು ದೊಡ್ಡಮ್ಮನಿಗೆ ಓದಿ ಹೇಳಿದ್ದೆ. ಶೀರ್ಷಿಕೆ, ‘ಸ್ಟೀರಾಯ್ಡ್ ಹಾರ್ಮೋನಿನ ಗ್ರಾಹಕಗಳನ್ನು ಕಿಣ್ವಗಳು ತುಂಡರಿಸುವ ಬಗೆ’. ದೊಡ್ಡಮ್ಮ ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಒಂದು ಕೆನ್ನೆಗೆ ಸರಿಸಿದಳು.

"ಗ್ರಾಹಕ ಅಂದ್ರೆ ಗಿರಾಕಿ ಅಲ್ದಾ? ರೇಡಿಯೋದಂಗೆ ಹೇಳ್ತ್ರಲೆ."

"ಹೌದ್. ಆದ್ರೆ ಇದ್..."

"ಅಯ್ಯೋ ಮಾರಾಯ್ತಿ, ನಿಮ್ ಕಾಲೇಜಂಗೆ ಗಿರಾಕಿನ ತುಂಡ್ ತುಂಡ್ ಮಾಡ್ತ್ರಾ? ನಾವ್ ಇಲ್ಲ್ ಕೈ ಮುಗ್ದ್ ಕರಿತ್!"

ಅವಳಿಗೆ ಅರ್ಥ ಮಾಡಿಸಲು ಒಂದು ಇಡೀ ಬೆಳಿಗ್ಗೆ ಹಿಡಿಯಿತು. ಮೊಟ್ಟೆ ಕಟ್ಟುವ ಕಾಲದಲ್ಲಿ ಹೆಣ್ಣು ಮೀನಿನ ಮೈಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಹೊರಡುತ್ತದೆ. ಮೊಟ್ಟೆಗೆ ಬೇಕಾದ ಸಾರ ತಯಾರಿಸು ಎಂದು ಯಕೃತ್ತಿಗೆ ಹೇಳುವುದು ಅದರ ಕೆಲಸ. ಸ್ಟೀರಾಯ್ಡ್ ಹಾರ್ಮೋನು ಕೊಬ್ಬಿನ ಜಾತಿಯದಾದ್ದರಿಂದ ಜೀವಕೋಶದ ಪೊರೆಯಲ್ಲಿ ಬಾಗಿಲು ತಟ್ಟದೆಯೇ ಒಳಗೆ ನುಗ್ಗುತ್ತದೆ. ಒಳಗೆ ಗ್ರಾಹಕ ಎಂಬ ದೊಡ್ಡ ಪ್ರೋಟೀನು ಅದಕ್ಕಾಗಿ ಕಾದಿರುತ್ತದೆ. ಗ್ರಾಹಕದ ಒಂದು ಭಾಗ ಹಾರ್ಮೋನನ್ನು ಹಿಡಿಯುತ್ತದೆ, ಇನ್ನೊಂದು ಭಾಗ ಜೀನಿನ ಮೇಲೆ ಕೂತು ಕೆಲಸ ಶುರು ಮಾಡಿಸುತ್ತದೆ. ಎರಡರ ನಡುವೆ ಸ್ವಲ್ಪ ಸಡಿಲವಾದ ಕೊಂಡಿಯಿದೆ. ಪ್ರೋಟೀನು ಕತ್ತರಿಸುವ ಕಿಣ್ವಗಳು ಮೊದಲು ಬಾಯಿ ಹಾಕುವುದು ಅಲ್ಲಿಗೇ. ಕೊಂಡಿ ತುಂಡಾದರೆ ಹಿಡಿಯುವ ಕೈ ಒಂದು ಕಡೆ, ಕೂರುವ ಕಾಲು ಇನ್ನೊಂದು ಕಡೆ. ಹಾರ್ಮೋನು ಬಂದರೂ ಸುದ್ದಿ ಮುಟ್ಟಬೇಕಾದಲ್ಲಿಗೆ ಮುಟ್ಟುವುದಿಲ್ಲ.

ಎಲ್ಲ ಕೇಳಿ ದೊಡ್ಡಮ್ಮ, "ಅಂದ್ರೆ ಕಿಣ್ವ ಅಂಬುದ್ ಕತ್ತಿ," ಎಂದಳು. ನಾನು ಹೌದೆಂದೆ. ಅಂದಿನಿಂದ ಅವಳ ಬಾಯಲ್ಲಿ ನನ್ನ ಗ್ರಾಹಕ ‘ಗಿರಾಕಿ’ಯೇ ಆಯಿತು. ಬಸ್ಸಿನಲ್ಲಿ ಸಿಕ್ಕಿದರೂ ಅಷ್ಟು ದೂರದಿಂದಲೇ, "ಹ್ವಾಯ್, ನಿನ್ ಗಿರಾಕಿ ಹ್ಯಾಂಗಿದ್ದ?" ಎಂದು ಕೂಗುವಳು. ಯಾರ ಯಾರ ಕಣ್ಣಲ್ಲೋ ನಾನು ಅಂಗಡಿ ಇಟ್ಟವಳಾಗಿದ್ದೆ.

ಗಿರಾಕಿಯ ಸ್ಥಿತಿ ಚೆನ್ನಾಗಿರಲಿಲ್ಲ. ನನ್ನ ಕೆಲಸ ಕಾಣೆ ಮೀನಿನ ಮೇಲೆ. ಮೀನು ಸತ್ತ ಕೂಡಲೇ ಅದರ ಯಕೃತ್ತಿನೊಳಗಿನ ಕಿಣ್ವಗಳು ಹಿಡಿತ ತಪ್ಪಿ ಕತ್ತರಿಸತೊಡಗುತ್ತವೆ. ಆದ್ದರಿಂದ ಬೇಗ ಕೊಯ್ದು, ಬೇಗ ಮಂಜುಗಡ್ಡೆಯಲ್ಲಿಡಬೇಕು. ನಾನು ಒಂದು ಮೀನು ಕೊಯ್ಯುವ ಹೊತ್ತಿಗೆ ದೊಡ್ಡಮ್ಮ ಹತ್ತು ಕೊಯ್ದು ಇಡುತ್ತಿದ್ದಳು. ಹಾಗಾಗಿ ಬೆಳಿಗ್ಗೆ ದೋಣಿ ಬಂದೊಡನೆ ಮೊಟ್ಟೆ ಇದ್ದ ಕಾಣೆ ಆರಿಸಿ ಯಕೃತ್ತು ತೆಗೆದು ಐಸ್ ಡಬ್ಬಿಗೆ ಹಾಕಿಡುವುದು ಅವಳ ಕೆಲಸ. ಬಸ್ ಸ್ಟ್ಯಾಂಡಿನಲ್ಲಿ ಅವಳ ಕೈಯಿಂದ ಡಬ್ಬಿ ಇಸಿದುಕೊಂಡು ಓಡುವುದು ನನ್ನದು. ಪ್ರಯೋಗಾಲಯದಲ್ಲಿ ಅರೆದು, ಸೋಸಿ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ, ಕೊನೆಗೆ ಎಕ್ಸ್‌ರೇ ಫಿಲ್ಮಿನ ಮೇಲೆ ನೋಡುತ್ತಿದ್ದೆ. ಗ್ರಾಹಕ ಇಡಿಯಾಗಿದ್ದರೆ ಮೇಲೆ ಒಂದು ದಪ್ಪ ಗೆರೆ ಬರಬೇಕು. ನನಗೆ ಬರುತ್ತಿದ್ದುದು ಕೆಳಗೆ ಮೂರು ಸಣಕಲು ಗೆರೆ. ಇಡೀ ಗ್ರಾಹಕವನ್ನು ಮೊದಲು ತೋರಿಸದೆ, ಕಿಣ್ವ ಅದನ್ನು ಹೇಗೆ ತುಂಡರಿಸುತ್ತದೆ ಎಂದು ನಾನು ಯಾವ ಬಾಯಿಂದ ಹೇಳುವುದು?

ನನ್ನ ಮಾರ್ಗದರ್ಶಿ ಪ್ರಫುಲ್ಲಾ ಮೇಡಂ ತಾಳ್ಮೆಯವರು. ಆದರೂ ನವೆಂಬರಿನಲ್ಲಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದರೆ ಒಳ್ಳೆಯ ಸುದ್ದಿ ಇರುವುದಿಲ್ಲ. "ಜನವರಿ ಕೊನೆಗೆ ಒಂದು ಇಡೀ ಗೆರೆ ತೋರಿಸು ಶ್ರೀಲತಾ. ಆಗದಿದ್ದರೆ ವಿಷಯ ಬದಲಿಸುವ," ಎಂದರು. ಬದಲಿಸುವುದೆಂದರೆ ಮೊದಲಿನಿಂದ ಶುರು ಮಾಡುವುದು.

ಅದೇ ವಾರ ದೊಡ್ಡಮ್ಮ ಮದುವೆಗೆಂದು ತ್ರಾಸಿ ಎಂಬ ಊರಿಗೆ ಹೋದಳು. ಬೇರೆ ದಾರಿ ಕಾಣದೆ ಕುಷ್ಟಣ್ಣನ ಹತ್ತಿರ ಕೇಳಿದೆ. ಕುಷ್ಟಣ್ಣನದ್ದು ಸ್ವಂತ ಸಣ್ಣ ದೋಣಿ, ಹಿಡಿದದ್ದನ್ನು ಧಕ್ಕೆಯಲ್ಲೇ ಕೊಯ್ದು ಮಾರುತ್ತಾನೆ. ಅವನಿಗೂ ದೊಡ್ಡಮ್ಮನಿಗೂ ದಿನಾ ಒಂದು ಜಗಳ ಆಗದಿದ್ದರೆ ಇಬ್ಬರಿಗೂ ಗಂಜಿ ಸೇರುವುದಿಲ್ಲ. ಅವನು ಬೀಡಿ ಕಚ್ಚಿಕೊಂಡೇ ಯಕೃತ್ತು ತೆಗೆದುಕೊಟ್ಟ. ಆ ದಿನದ ಫಿಲ್ಮಿನಲ್ಲಿ ಮೇಲೆ ಒಂದೇ ಒಂದು ದಪ್ಪ ಗೆರೆ ಬಂತು. ನಾನು ಪ್ರಯೋಗಾಲಯದಲ್ಲಿ ಕುಣಿದುಬಿಟ್ಟೆ.

ದೊಡ್ಡಮ್ಮ ಮದುವೆ ಮುಗಿಸಿ ಬಂದಳು. ಅವಳ ಡಬ್ಬಿಯಿಂದ ಮತ್ತೆ ಮೂರು ಗೆರೆ. ಕುಷ್ಟಣ್ಣನ ಡಬ್ಬಿ, ಒಂದು ಗೆರೆ. ಮತ್ತೆ ದೊಡ್ಡಮ್ಮ, ಮತ್ತೆ ಮೂರು. ಇನ್ನು ಯೋಚಿಸುವುದೇನಿದೆ ಎಂದುಕೊಂಡೆ. ಮೀನು ಹಳತಾದಷ್ಟೂ ಕಿಣ್ವ ಹೆಚ್ಚು ಕತ್ತರಿಸುತ್ತದೆ, ಇದು ಪುಸ್ತಕದಲ್ಲೇ ಇದೆ. ಮಾರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಕಾಯಲಿಲ್ಲ. ನೇರ ಧಕ್ಕೆಗೆ ಹೋದೆ.

"ದೊಡ್ಡಮ್ಮಾ, ನೀನ್ ನಂಗೆ ನಿನ್ನೆ ಮೀನ್ ಕೊಡ್ತಾ ಇದ್ದೆ! ಒಂದೂವರೆ ವರ್ಷ ನನ್ನ್ ಮಂಗ ಮಾಡ್ದೆ!"

ದೊಡ್ಡಮ್ಮ ಬೈಯುತ್ತಾಳೆಂದು ಕಾದೆ. ಅವಳು ಕೈಯಲ್ಲಿದ್ದ ಕತ್ತಿಯನ್ನು ನೀರಲ್ಲಿ ಅದ್ದಿ ತೊಳೆದಳು, ಬುಟ್ಟಿ ಎತ್ತಿ ತಲೆಯ ಮೇಲಿಟ್ಟಳು, ನನ್ನ ಪಕ್ಕದಿಂದಲೇ ನಡೆದು ಹೋದಳು. ಆಗ ನನಗೆ ನಾಚಿಕೆ ಆಯಿತು ಎಂದರೆ ಸುಳ್ಳು. ನನಗೆ ಗೆದ್ದ ಖುಷಿಯೇ ಇತ್ತು.

ಕುಷ್ಟಣ್ಣನಿಗಂತೂ ಹಬ್ಬ. ಎರಡು ದಿನದಲ್ಲಿ ಅವನ ಕೂಗೇ ಬದಲಾಯಿತು. "ಬನ್ನಿ, ಬನ್ನಿ, ಕಾಲೇಜ್ ಮಿಷನಂಗೆ ಪಾಸಾದ್ ಮೀನ್!" ಅವನಿಗೆ ಅದು ತಮಾಷೆ. ಆದರೆ ಜನ ಮಾತನ್ನು ಹಾಗೇ ಬಿಡುತ್ತಾರೆಯೇ? ‘ಬಾಗಿಯ ಮೀನು ನಿನ್ನೆಯದಂತೆ, ಅವಳ ತಂಗಿ ಮಗಳೇ ಮಿಷನ್‌ನಲ್ಲಿ ಹಿಡಿದಳಂತೆ’ ಎಂಬುದು ಬ್ರಹ್ಮಾವರದ ಮಾರುಕಟ್ಟೆಯವರೆಗೆ ಹೋಯಿತು. ಜಲಜ ಟೀಚರ್ ಇಪ್ಪತ್ತು ವರ್ಷದಿಂದ ದೊಡ್ಡಮ್ಮನ ಖಾಯಂ ಗಿರಾಕಿ. ಬುಟ್ಟಿಯೊಳಗೆ ನೋಡದೆ ಚೀಲ ಒಡ್ಡುವವರು. ಆ ಟೀಚರ್ ಒಂದು ದಿನ ಮೀನಿನ ಕಿವಿರು ಎತ್ತಿ ಕೆಂಪಿದೆಯೇ ಎಂದು ನೋಡಿದರಂತೆ.

ಆ ಸಂಜೆ ದೊಡ್ಡಮ್ಮ ನಮ್ಮ ಮನೆಯ ಅಂಗಳಕ್ಕೆ ಬಂದಳು. ಒಳಗೆ ಕರೆದರೆ ಬರಲಿಲ್ಲ, ಅಮ್ಮ ಕೊಟ್ಟ ನೀರೂ ಮುಟ್ಟಲಿಲ್ಲ.

"ನಿನ್ ಮೇಡಂನ ಧಕ್ಕೆಗೆ ಕರ್ಕಂಡ್ ಬಾ," ಎಂದಳು. "ಒಂದೇ ದೋಣಿ, ಒಂದೇ ಬಲೆ, ಒಂದೇ ಹೊತ್ತಿಗ್ ಬಂದ್ ಮೀನ್. ಅರ್ಧ ಕುಷ್ಟ ಕೊಯ್ಲಿ, ಅರ್ಧ ನಾನ್ ಕೊಯ್ತೆ. ಐಸೂ ಒಂದೇ ಗಡ್ಡಿದ್. ಆಮೇಲ್ ನಿನ್ ಮಿಷನ್ ಎಂತ ಹೇಳತ್ತ್ ಕಾಂಬ."

"ಮೂರೇ ಗೆರೆ ಬಂದ್ರೆ?"

"ಬಂದ್ರೆ ನಾನ್ ಬುಟ್ಟಿ ಕೆಳಗ್ ಇಡ್ತೆ. ಮತ್ತ್ ಮೀನ್ ಮಾರೂದಿಲ್ಲೆ."

ಅಮ್ಮ ಬಾಯಿಗೆ ಸೆರಗು ಹಿಡಿದಳು. ನನ್ನ ಗೆದ್ದ ಖುಷಿ ಅಲ್ಲಿಗೆ ಇಳಿಯಿತು. ಮೀನು ಬಿಟ್ಟರೆ ದೊಡ್ಡಮ್ಮ ದೊಡ್ಡಮ್ಮನೇ ಅಲ್ಲ. ಬೇಡ ದೊಡ್ಡಮ್ಮ, ಅಷ್ಟೆಲ್ಲ ಯಾಕೆ ಎಂದೆ. ಅವಳು ತಿರುಗಿಯೂ ನೋಡಲಿಲ್ಲ.

ಮೇಡಂಗೆ ಹೇಳಿದಾಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಎಂತ ಮಾರಾಯ್ತಿ, ನೀನು ಒಂದೂವರೆ ವರ್ಷದಲ್ಲಿ ಮಾಡದ ಪ್ರಯೋಗವನ್ನು ನಿನ್ನ ದೊಡ್ಡಮ್ಮ ಅಂಗಳದಲ್ಲಿ ನಿಂತು ಹೇಳಿದರಲ್ಲ! ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಮ ಇಡುವುದು ಅಂತ ನಾನು ನಿನಗೆ ಎಷ್ಟು ಸಲ ಹೇಳಿದ್ದೇನೆ?" ಎಷ್ಟು ಸಲ ಎಂದು ನಾನು ಲೆಕ್ಕ ಇಟ್ಟಿರಲಿಲ್ಲ.

ಮರುದಿನ ಮೇಡಂ ಸ್ಕೂಟರಿನಲ್ಲಿ ಬಂದರು. ಧಕ್ಕೆಯಲ್ಲಿ ಅಷ್ಟು ಜನ ಯಾವ ಮಂತ್ರಿ ಬಂದಾಗಲೂ ಸೇರಿದ್ದು ನಾನು ಕಾಣೆ. ಕುಷ್ಟಣ್ಣನ ದೋಣಿಯ ಮೀನನ್ನೇ ಎರಡು ಪಾಲು ಮಾಡಿದೆವು. ಅವನು ಒಂದು ಕಡೆ ಬೀಡಿ ಕಚ್ಚಿ ಕೂತ. ದೊಡ್ಡಮ್ಮ ಇನ್ನೊಂದು ಕಡೆ ಕವಳ ಹಾಕಿ ಕೂತಳು. ಮೀನು ಇನ್ನೂ ಒದ್ದಾಡುತ್ತಿತ್ತು. ಇಬ್ಬರ ಕೈಯೂ ಗಾಳಿಯ ಹಾಗೆ ಓಡಿತು. ಎರಡು ಡಬ್ಬಿಗಳನ್ನೂ ಮೇಡಂ ತಾವೇ ಮುಚ್ಚಿ, ತಾವೇ ಹೊತ್ತುಕೊಂಡು ಹೋದರು.

ಫಿಲ್ಮ್ ತೊಳೆದು ನೋಡುವ ದಿನ ದೊಡ್ಡಮ್ಮ ಪ್ರಯೋಗಾಲಯಕ್ಕೆ ಬಂದಳು, ಮದುವೆಗೆ ಉಡುವ ಸೀರೆ ಉಟ್ಟು. ಕುಷ್ಟಣ್ಣನೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ. ಮೇಡಂ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕುಷ್ಟಣ್ಣನ ಪಾಲಿನಲ್ಲಿ ಒಂದು ದಪ್ಪ ಗೆರೆ. ದೊಡ್ಡಮ್ಮನ ಪಾಲಿನಲ್ಲಿ ಮೂರು ಸಣಕಲು ಗೆರೆ.

ದೊಡ್ಡಮ್ಮನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು.

"ಮೀನ್ ಒಂದೇ," ಎಂದಳು ಮೆಲ್ಲಗೆ. "ಅಂದ್ರೆ ನನ್ ಕೈಯೇ ಸಮಾ ಇಲ್ಲೆ."

ಆ ಕೈ ನನಗೆ ಮುಳ್ಳು ಬಿಡಿಸಿ ಉಣ್ಣಿಸಿದ ಕೈ. ಅವಳನ್ನು ಸಮಾಧಾನ ಮಾಡಲು ಹೊರಟವನು ಕುಷ್ಟಣ್ಣ.

"ನಿನ್ ಕೈಗೆಂತ ಆಯ್ತ್ ಬಾಗಿ? ನನ್ಕಿಂತ ಮುಂಚೆ ಕೊಯ್ದ್ ಮುಗ್ಸಿದೆ. ನಾನ್ ಬೀಡಿ ಎಳಿತೆ, ನೀನ್ ಕವಳ ಹಾಕ್ತೆ, ಅಷ್ಟೇ ಫರಕ್."

ನಾನು ದೊಡ್ಡಮ್ಮನ ಬಲಗೈಯ ತೋರುಬೆರಳು ನೋಡಿದೆ. ಮೇಡಂ ಕೂಡ ಅದನ್ನೇ ನೋಡಿದರು. ಉಗುರಿನ ಸಂದಿಯಲ್ಲಿ, ಬೆರಳಿನ ಬಿರುಕಿನಲ್ಲಿ ಬೆಳ್ಳಗೆ ಸುಣ್ಣ. ಚಿಪ್ಪು ಸುಟ್ಟು ಮಾಡಿದ ನಮ್ಮ ಕಡೆಯ ಸುಣ್ಣ. ಎಲೆಗೆ ಸವರಿ ಉಳಿದದ್ದನ್ನು ಅವಳು ಕತ್ತಿಯ ಹಿಡಿಗೋ ಸೆರಗಿಗೋ ಒರೆಸುವುದನ್ನು ಹುಟ್ಟಿದಾಗಿನಿಂದ ಕಂಡಿದ್ದೇನೆ. ಕಂಡು ಕಂಡು ಕಾಣದೇ ಹೋಗಿತ್ತು.

"ಸುಣ್ಣ!" ಎಂದು ಮೇಡಂ ಕೂಗಿದ ಕೂಗಿಗೆ ಕುಷ್ಟಣ್ಣ ಕಿವಿಗೆ ಸಿಕ್ಕಿಸಿಕೊಂಡಿದ್ದ ಬೀಡಿ ಕೆಳಗೆ ಬಿತ್ತು.

ಸುಣ್ಣವೆಂದರೆ ಕ್ಯಾಲ್ಸಿಯಂ. ಯಕೃತ್ತಿನಲ್ಲಿ ಕ್ಯಾಲ್‌ಪೇನ್ ಎಂಬ ಒಂದು ಕಿಣ್ವವಿದೆ. ಸಾಮಾನ್ಯವಾಗಿ ಸುಮ್ಮನೆ ಬಿದ್ದಿರುತ್ತದೆ. ಕ್ಯಾಲ್ಸಿಯಂ ತಗಲಿದರೆ ಎದ್ದು ಕೂತು, ಸಿಕ್ಕಿದ ಗ್ರಾಹಕದ ಕೊಂಡಿ ಕತ್ತರಿಸುತ್ತದೆ. ಪ್ರಯೋಗಾಲಯದಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ದ್ರಾವಣ ಹಾಕುತ್ತಿದ್ದೆವು, ನಿಜ. ಆದರೆ ಅದಕ್ಕೆ ಮೊದಲು ಡಬ್ಬಿ ಹಂಗಾರಕಟ್ಟೆಯಿಂದ ಬಸ್ಸಿನಲ್ಲಿ ಕುಲುಕಿಕೊಂಡು ಬರುತ್ತಿತ್ತಲ್ಲ, ಆ ಹೊತ್ತಿನಲ್ಲೇ ಎಲ್ಲ ಮುಗಿಯುತ್ತಿತ್ತು. ನಾವು ನೀರು, ಉಪ್ಪು, ಯಂತ್ರ, ಫಿಲ್ಮು ಎಲ್ಲವನ್ನೂ ಸಂಶಯಪಟ್ಟಿದ್ದೆವು. ಕವಳವನ್ನು ಯಾರು ಸಂಶಯಪಡುತ್ತಾರೆ?

ಖಾತ್ರಿ ಮಾಡಲು ದೊಡ್ಡಮ್ಮ ಮಾರನೇ ದಿನ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದು, ಹೊಸ ಕತ್ತಿ ಹಿಡಿದು ಕೂತಳು. ಮೀನು ಕೊಯ್ದು ಮುಗಿಯುವವರೆಗೆ ಕವಳವಿಲ್ಲ. ಅವಳ ಬಾಳಿನ ಅತಿ ಉದ್ದದ ಅರ್ಧ ಗಂಟೆ ಅದು ಎಂದು ಈಗಲೂ ಹೇಳುತ್ತಾಳೆ. ಫಿಲ್ಮಿನಲ್ಲಿ ಒಂದೇ ಗೆರೆ ಬಂತು, ಕುಷ್ಟಣ್ಣನದಕ್ಕಿಂತ ದಪ್ಪಗೆ. ಅದೇ ಯಕೃತ್ತಿನ ಒಂದು ಪಾಲಿಗೆ ಸಾಸಿವೆ ಕಾಳಿನಷ್ಟು ಸುಣ್ಣ ಮುಟ್ಟಿಸಿದೆ, ಮೂರು ಗೆರೆ ಬಂತು. ಇನ್ನೊಂದು ಪಾಲಿಗೆ ಮೊದಲೇ ಕ್ಯಾಲ್ಸಿಯಂ ಹಿಡಿಯುವ ದ್ರಾವಣ ಹಾಕಿ ಆಮೇಲೆ ಸುಣ್ಣ ಮುಟ್ಟಿಸಿದೆ, ಗೆರೆ ಒಂದೇ ಉಳಿಯಿತು. ನಾನು ಹುಡುಕುತ್ತಿದ್ದ ಕತ್ತಿ ಯಾವುದೆಂದು ಆ ಮೂರು ಪರೀಕ್ಷೆಗಳೇ ಹೇಳಿಬಿಟ್ಟವು. ಮೇಡಂ ಫಿಲ್ಮ್ ಕೆಳಗಿಟ್ಟು, "ವಿಷಯ ಬದಲಿಸುವುದು ಬೇಡ," ಎಂದರು. ಈ ಸಲ ಕನ್ನಡಕ ಮೂಗಿನ ಮೇಲೇ ಇತ್ತು.

ಅವತ್ತೇ ದೊಡ್ಡಮ್ಮನ ಮನೆಗೆ ಓಡಿದೆ. ಜಗಲಿಯಲ್ಲಿ ಕೂತು ತಪ್ಪಾಯಿತು ಎಂದೆ. ಅವಳು ಎಲೆಯ ತೊಟ್ಟು ಮುರಿಯುತ್ತ ಕೇಳಿದಳು.

"ಆ ಮಾತ್ ಎಲ್ಲ್ ಹೇಳ್ದೆ ನೀನ್?"

"ಧಕ್ಕೇಲಿ."

"ಹಾಂಗಾರೆ ಇಲ್ಲೆಂತಕೆ ಪಿಸಿಪಿಸಿ? ನಾಳೆ ಅಲ್ಲ್ ಬಾ. ಆ ದಿನ ಎಷ್ಟ್ ದೊಡ್ದ್ ಬಾಯಿ ಇತ್ತೋ, ಅಷ್ಟೇ ದೊಡ್ದ್ ಬಾಯಂಗೆ ಹೇಳ್."

ಮರುದಿನ ಹೋದೆ. ಸಿಟ್ಟಿನಲ್ಲಿ ಕೂಗುವುದು ಎಷ್ಟು ಸುಲಭ, ಸಿಟ್ಟಿಲ್ಲದೆ ಕೂಗುವುದು ಎಷ್ಟು ಕಷ್ಟ ಎಂಬುದು ಅಲ್ಲಿ ನಿಂತ ಮೇಲೆ ಗೊತ್ತಾಯಿತು. ಮೊದಲ ಸಲ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಎರಡನೇ ಸಲ ಗಂಟಲು ಸರಿ ಮಾಡಿಕೊಂಡು, "ಕ್ಯಾಲ್ಸಿಯಂ ಸೋಂಕಿನಿಂದ ಕಿಣ್ವವು ಚುರುಕುಗೊಂಡು..." ಎಂದು ಶುರು ಮಾಡಿದೆ.

"ಕನ್ನಡದಂಗೆ ಹೇಳ್ ಮಾರಾಯ್ತಿ!" ಎಂದು ಕುಷ್ಟಣ್ಣ ದೋಣಿಯಿಂದಲೇ ಕೂಗಿದ. ಧಕ್ಕೆಯೆಲ್ಲ ನಕ್ಕಿತು.

ಆ ನಗುವಿಗೆ ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು.

"ಕೇಣಿ ಎಲ್ರೂ! ಬಾಗಿ ದೊಡ್ಡಮ್ಮನ್ ಮೀನ್ ಯಾವತ್ತೂ ನಿನ್ನೆದಲ್ಲ! ತಪ್ಪ್ ಮೀನಿಂದಲ್ಲ, ಸುಣ್ಣದ್ದ್! ಅದನ್ ಕಾಣ್ದೆ ಬಾಯಿಗ್ ಬಂದದ್ ಹೇಳಿದ್ ನಾನ್! ತಪ್ಪ್ ನಂದ್!"

ಯಾರೋ ಶಿಳ್ಳೆ ಹಾಕಿದರು. ಕುಷ್ಟಣ್ಣ ಟವೆಲ್ ಬೀಸಿದ. ಜಲಜ ಟೀಚರ್ ಜನರ ನಡುವಿನಿಂದ ಬಂದು, ಕಾಣೆ ಮೀನು ಕೇಳಿ, ಬುಟ್ಟಿಯೊಳಗೆ ನೋಡದೆ ದೊಡ್ಡಮ್ಮನ ಮುಂದೆ ಚೀಲ ಒಡ್ಡಿದರು. ಅವರ ಮುಖವೂ ಸ್ವಲ್ಪ ಕೆಂಪಗಾಗಿತ್ತು.

ದೊಡ್ಡಮ್ಮ ನಗುತ್ತಿದ್ದಳು. ನಗುತ್ತಲೇ ಒಂದು ಮೀನು ತೆಗೆದು, ಕಿವಿರು ಎತ್ತಿ, ಮೂಗಿಗೆ ಹತ್ತಿರ ಹಿಡಿದು ಮೂಸಿ, ಆಮೇಲೆ ಚೀಲಕ್ಕೆ ಹಾಕಿದಳು. ಇನ್ನೊಂದನ್ನೂ ಹಾಗೆಯೇ ಎತ್ತಿ ಮೂಸಿದಳು. ಅವಳು ಹೀಗೆ ಮಾಡುವುದನ್ನು ನಾನು ಎಂದೂ ನೋಡಿರಲಿಲ್ಲ.

"ಈಗ ಎಲ್ರಿಗೂ ಗೊತ್ತಾಯ್ತಲೆ ದೊಡ್ಡಮ್ಮ, ಮತ್ತೆಂತಕೆ ಮೂಸುದ್?"

"ಅವ್ರಿಗಲ್ಲ ಮಗಾ, ನಂಗೆ." ಅವಳು ತಲೆ ಎತ್ತದೆ ಹೇಳಿದಳು. "ನೀನ್ ಹೇಳಿದ್ ಮಾರನೇ ದಿನದಿಂದ ಒಂದೊಂದ್ ಮೀನನ್ನೂ ಮೂಸ್ತಾ ಇದ್ದೆ. ನೀನ್ ಓದ್ದವ್ಳ್, ಸುಳ್ಳ್ ಹೇಳೂಕಿಲ್ಲೆ. ನನ್ ಮೂಗೇ ಹೋಯ್ತ್ ಕಾಣತ್ ಅಂದ್ಕಂಡೆ."

ನಲವತ್ತು ವರ್ಷದ ತನ್ನ ಮೂಗಿಗಿಂತ ನನ್ನ ಒಂದು ಮಾತನ್ನು ಅವಳು ಹೆಚ್ಚು ನಂಬಿದ್ದಳು. ಅವಳು ಅವತ್ತು ತಿರುಗಿ ಬೈಯದೆ ಹೋದದ್ದು ಅದಕ್ಕೆ. ನನಗೆ ಅಳು ಬಂತು, ಧಕ್ಕೆಯಲ್ಲಿ, ಎಲ್ಲರ ಎದುರು, ತಡೆಯಲಾಗಲಿಲ್ಲ. ಅವಳು ಮುಂದಿನ ಮೀನಿಗೆ ಕೈ ಹಾಕಿದ್ದಳು. ನಾನು ಅದನ್ನು ಅವಳ ಕೈಯಿಂದ ಕಸಿದು, ಮೂಸಲು ಬಿಡದೆ, ಟೀಚರ್ ಚೀಲಕ್ಕೆ ಹಾಕಿದೆ. ಬುಟ್ಟಿಯಿಂದ ಇನ್ನೂ ಎರಡು ಎತ್ತಿ ಹಾಕಿದೆ.

"ಹ್ವಾಯ್ ಹ್ವಾಯ್, ನಿಲ್ಸ್!" ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದಳು, ನಗುತ್ತಾ, ಕಣ್ಣು ಒರೆಸಿಕೊಳ್ಳುತ್ತಾ. "ಟೀಚರ್ ಕೇಂಡದ್ ಕಾಣೆ ಮೀನ್. ನೀನ್ ಹಾಕ್ತಾ ಇಪ್ಪುದ್ ಬಂಗ್ಡೆ!"